ಬಳ್ಳಾರಿ ಸೀಮೆಯ ಕಲೆಗಳಲ್ಲಿ ರಾಕ್ಷಸ ಪಾತ್ರಗಳು

ಬಳ್ಳಾರಿ ಸೀಮೆಯ ಕಲೆಗಳಲ್ಲಿ ರಾಕ್ಷಸ ಪಾತ್ರಗಳು ಎಂದರೆ ಕರ್ನಾಟಕದ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಹಾಗೂ ಸುತ್ತಲಿನ ಪ್ರದೇಶದ ತೊಗಲುಗೊಂಬೆಯಾಟ, ಬಯಲಾಟ, ದೇವಾಲಯ ಶಿಲ್ಪ ಮತ್ತು ಸ್ಥಳಪುರಾಣಗಳಲ್ಲಿ ಕಂಡುಬರುವ ರಾವಣ, ಕುಂಭಕರ್ಣ, ಮೈರಾವಣ, ಬಾಣಾಸುರ, ಹಿಡಿಂಬ ಮೊದಲಾದ ಪಾತ್ರಗಳು. ಕಥೆಯ ಕೊನೆಯಲ್ಲಿ ಈ ಪಾತ್ರಗಳು ಸೋಲುತ್ತವೆ. ಆದರೆ ಚಿತ್ರಿಸುವವನ ಕೈಚಳಕ, ವೇಷಧಾರಿಯ ಕಂಠಬಲ ಮತ್ತು ನೋಡುಗರ ಕುತೂಹಲ ಇವುಗಳ ಮೇಲೆಯೇ ಹೆಚ್ಚಾಗಿ ನೆಲೆಸಿವೆ. ಇದೇ ಅಭಿರುಚಿ 20ನೆಯ ಶತಮಾನದಲ್ಲಿ ಮಕ್ಕಳ ಮಾಸಪತ್ರಿಕೆ ಮತ್ತು ಚಿತ್ರಕಥೆಗಳ ಮೂಲಕ ಕನ್ನಡ ಓದುಗರಲ್ಲಿ ಮುಂದುವರಿಯಿತು.

ಸ್ಥಳಪುರಾಣಗಳಲ್ಲಿ ರಾಕ್ಷಸರು

ಬಳ್ಳಾರಿ ಎಂಬ ಹೆಸರಿನ ನಿಷ್ಪತ್ತಿಯ ಬಗ್ಗೆ ಹಲವು ಹೇಳಿಕೆಗಳಿವೆ. ಅವುಗಳಲ್ಲಿ ಒಂದು ರಾಕ್ಷಸನಿಗೆ ಸಂಬಂಧಿಸಿದ್ದು. ಇಂದ್ರನು ಬಲನೆಂಬ ಅಸುರನನ್ನು ಕೊಂದ ಸ್ಥಳವಾದುದರಿಂದ ಊರಿಗೆ ಈ ಹೆಸರು ಬಂದಿತೆಂದು ಅದು ಹೇಳುತ್ತದೆ. ಸಂಸ್ಕೃತದಲ್ಲಿ 'ಬಲಾರಿ' ಎಂದರೆ ಬಲನ ಶತ್ರು, ಅಂದರೆ ಇಂದ್ರ. ಶಿವಭಕ್ತನಾದ ವ್ಯಾಪಾರಿಯೊಬ್ಬನು ಧಾನ್ಯ ಅಳೆಯುವ ಬಳ್ಳವನ್ನೇ ಲಿಂಗವೆಂದು ಪೂಜಿಸಿದ ಕಥೆಯೂ ಇದರ ಜೊತೆಗೆ ಪ್ರಚಲಿತವಾಗಿದೆ.

ಬಳ್ಳಾರಿ ನಗರದ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳ ಪ್ರದೇಶ ಮತ್ತು ಕುಡತಿನಿಯಲ್ಲಿ ಪ್ರಾಚೀನ ಬೂದಿದಿಬ್ಬಗಳಿವೆ. ಕಪ್ಪಗಲ್ಲಿನ ದಿಬ್ಬವು ಭೀಮನು ಕೊಂದ ಹಿಡಿಂಬಾಸುರನ ಚಿತಾಭಸ್ಮವೆಂಬ ಜನರ ನಂಬಿಕೆಯನ್ನು 19ನೆಯ ಶತಮಾನದ ಬ್ರಿಟಿಷ್ ಲೇಖಕರು ದಾಖಲಿಸಿದ್ದಾರೆ. ಹಂಪಿಯ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯ ದಹನಸ್ಥಳವೆಂದು ಕರೆಯುತ್ತಾರೆ. ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ಸಂಗ್ರಹವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಉಂಟಾದವು ಎಂದು ಪುರಾತತ್ತ್ವಜ್ಞರು ತೀರ್ಮಾನಿಸಿದ್ದಾರೆ. ಎಫ್. ಆರ್. ಆಲ್ಚಿನ್ ಅವರ 1963ರ ಗ್ರಂಥ ಈ ವಿಷಯದಲ್ಲಿ ಮುಖ್ಯವಾದುದು. ಮನುಷ್ಯನ ಕೈಗೆ ಮೀರಿದ್ದೆಂದು ತೋರಿದ ಬೂದಿಯ ರಾಶಿಗೆ ಜನರು ಮನುಷ್ಯನಿಗಿಂತ ದೊಡ್ಡ ದೇಹವೊಂದನ್ನು ಕಲ್ಪಿಸಿಕೊಂಡರು.

ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಸ್ಥಳಪುರಾಣವು ತಾರಕಾಸುರನ ವಧೆಗೆ ಸಂಬಂಧಿಸಿದೆ. ಹೀಗೆ ಈ ಸೀಮೆಯ ಬೆಟ್ಟ, ದಿಬ್ಬ ಮತ್ತು ಊರಿನ ಹೆಸರುಗಳಲ್ಲಿ ದೇವತೆಗಳಂತೆ ರಾಕ್ಷಸರೂ ನೆಲೆಗೊಂಡಿದ್ದಾರೆ.

ಶಿಲ್ಪದಲ್ಲಿ

ಕುರುಗೋಡು 12ನೆಯ ಶತಮಾನದಲ್ಲಿ ಸಿಂದ ಮಾಂಡಲಿಕರ ಕೇಂದ್ರವಾಗಿತ್ತು. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಹಲವು ದೇವಾಲಯಗಳಿವೆ. ಬೃಹತ್ ನಂದಿಯಿರುವ ದೊಡ್ಡಬಸವೇಶ್ವರ ದೇವಾಲಯ ಅಲ್ಲಿನ ಪ್ರಸಿದ್ಧ ಯಾತ್ರಾಸ್ಥಳ. ಚಾಲುಕ್ಯ ಪರಂಪರೆಯ ದೇವಾಲಯಗಳ ತೋರಣ, ಗೂಡು ಮತ್ತು ಶಿಖರಗಳಲ್ಲಿ ಕೀರ್ತಿಮುಖ ಸಾಮಾನ್ಯ. ಇದನ್ನು ಸಿಂಹಲಲಾಟ ಎಂದೂ ಕರೆಯುತ್ತಾರೆ. ಹೊರಚಾಚಿದ ಗುಂಡುಗಣ್ಣು, ತೆರೆದ ಬಾಯಿ, ಕೋರೆಹಲ್ಲು ಇದರ ಲಕ್ಷಣಗಳು. ಶಿವನ ಕೋಪದಿಂದ ಹುಟ್ಟಿ, ಹಸಿವು ತಾಳಲಾರದೆ, ಶಿವನ ಆಜ್ಞೆಯಂತೆ ತನ್ನ ದೇಹವನ್ನೇ ತಿಂದು ಮುಖವಾಗಿ ಉಳಿದ ಜೀವಿ ಇದೆಂದು ಪುರಾಣಕಥೆ ಹೇಳುತ್ತದೆ. ಭಯಂಕರವಾದ ಮುಖವು ದೇವಾಲಯದಲ್ಲಿ ಕಾವಲಿನ ಮುಖವಾಗಿ ನಿಲ್ಲುತ್ತದೆ.

ನೆರೆಯ ಹಂಪಿಯ ಹಜಾರರಾಮ ದೇವಾಲಯದ ಗೋಡೆಗಳಲ್ಲಿ ರಾಮಾಯಣವನ್ನು ಸಾಲು ಸಾಲು ಉಬ್ಬುಶಿಲ್ಪಗಳಾಗಿ ಕೆತ್ತಲಾಗಿದೆ. ಕಥೆಯನ್ನು ಚೌಕಟ್ಟುಗಳಲ್ಲಿ ಬಿಡಿಸಿ ಹೇಳುವ ಈ ಕ್ರಮವು ತೊಗಲುಗೊಂಬೆಗೂ ಆಧುನಿಕ ಚಿತ್ರಕಥೆಗೂ ಸಮಾನವಾದುದು.

ತೊಗಲುಗೊಂಬೆಯಾಟದಲ್ಲಿ

ತೊಗಲುಗೊಂಬೆಯಾಟವನ್ನು ಪರಂಪರೆಯಿಂದ ನಡೆಸಿಕೊಂಡು ಬಂದವರು ಕಿಳ್ಳೇಕ್ಯಾತ ಅಥವಾ ಸಿಳ್ಳೇಕ್ಯಾತ ಸಮುದಾಯದವರು. ಇವರ ಮನೆಮಾತು ಮರಾಠಿಯ ಒಂದು ರೂಪ. ಆಟ ಆಡುವುದು ಕನ್ನಡದಲ್ಲಿ. ರಾಮಾಯಣ ಮತ್ತು ಮಹಾಭಾರತದ ಪ್ರಸಂಗಗಳು ಆಟದ ಮುಖ್ಯ ವಸ್ತು. ಮಳೆ ಹೋದಾಗ ಆಟ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿತ್ತು. ಮೇಲಿಂದ ಮೇಲೆ ಬರಕ್ಕೆ ತುತ್ತಾಗುವ ಸೀಮೆಯಲ್ಲಿ ಇದು ಮನರಂಜನೆಯಷ್ಟೇ ಆಗಿರಲಿಲ್ಲ.

*ರಚನೆ.* ಆಡಿನ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬಿಗಿಯಾಗಿ ಹಿಡಿದು ಒಣಗಿಸಿದಾಗ ಅದು ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಅದರ ಮೇಲೆ ಆಕೃತಿಯನ್ನು ಗೀರಿ, ಬಗೆಬಗೆಯ ಉಳಿಗಳಿಂದ ರಂಧ್ರ ಕೊರೆದು, ಬಣ್ಣ ಹಚ್ಚಿ, ನಡುವೆ ಸೀಳಿದ ಬಿದಿರಿನ ಕಡ್ಡಿಗೆ ಸಿಕ್ಕಿಸುತ್ತಾರೆ. ಕಿರೀಟ, ಹಾರ, ವಸ್ತ್ರದ ಅಂಚು ಇವೆಲ್ಲ ರಂಧ್ರಗಳಿಂದ ಹಾದುಬರುವ ಬೆಳಕಿನ ಚುಕ್ಕೆಗಳಾಗಿ ಪರದೆಯ ಮೇಲೆ ಕಾಣುತ್ತವೆ. ಹಿಂದೆ ಎಣ್ಣೆಯ ದೀಪ ಬಳಸುತ್ತಿದ್ದರು; ಅನಂತರ ಗ್ಯಾಸ್‌ಲೈಟ್, ಈಗ ವಿದ್ಯುತ್ ಬಲ್ಬು ಬಂದಿದೆ.

*ರಾಕ್ಷಸ ಗೊಂಬೆಗಳ ಲಕ್ಷಣ.* ಗೊಂಬೆಯ ಗಾತ್ರವು ಪಾತ್ರದ ಸ್ಥಾನಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ರಾಜರು ಮತ್ತು ಪುರಾಣಪುರುಷರು ದೊಡ್ಡದಾಗಿಯೂ ಸಾಮಾನ್ಯರು ಚಿಕ್ಕದಾಗಿಯೂ ಇರುತ್ತಾರೆ. ಲಂಕೆಯ ಅರಸನಾದ ರಾವಣನು ಈ ನಿಯಮದಂತೆ ದೊಡ್ಡ ಗೊಂಬೆಗಳ ಸಾಲಿಗೆ ಸೇರುತ್ತಾನೆ. ಗುಂಡನೆಯ ಕಣ್ಣು, ದಪ್ಪ ಮೀಸೆ, ಕೋರೆಹಲ್ಲು, ಎತ್ತಿದ ಆಯುಧ ರಾಕ್ಷಸರ ಗುರುತುಗಳು. ಚಪ್ಪಟೆಯಾದ ಒಂದೇ ಚರ್ಮದಲ್ಲಿ ಹತ್ತು ತಲೆ, ಇಪ್ಪತ್ತು ಕೈಗಳನ್ನು ಅಡಗಿಸುವುದು ಗೊಂಬೆ ಕೊರೆಯುವವನಿಗೆ ಪರೀಕ್ಷೆಯಂತಿರುತ್ತದೆ. ಮುಖ್ಯ ಮುಖದ ಇಕ್ಕೆಲಗಳಲ್ಲಿ ಉಳಿದ ತಲೆಗಳನ್ನು ಸಾಲಾಗಿ ಜೋಡಿಸುವುದು ಇದಕ್ಕೆ ಕಂಡುಕೊಂಡ ಒಂದು ಪರಿಹಾರ. ಇಂಡೋನೇಷ್ಯಾದ ಜಾವಾ ದ್ವೀಪದ ವಾಯಾಂಗ್ ತೊಗಲುಗೊಂಬೆಗಳಲ್ಲೂ ಕುಲೀನ ಪಾತ್ರಗಳಿಗೆ ಕಿರಿದಾದ ಕಣ್ಣು, ರಾಕ್ಷಸರಿಗೆ ಗುಂಡುಗಣ್ಣು ಎಂಬ ಭೇದವಿದೆ.

ಒಂದು ಪಾತ್ರಕ್ಕೆ ಒಂದೇ ಗೊಂಬೆ ಎಂಬ ನಿಯಮ ಕರ್ನಾಟಕದಲ್ಲಿಲ್ಲ. ಒಡ್ಡೋಲಗದ ರಾವಣ, ಯುದ್ಧದ ರಾವಣ, ಸನ್ಯಾಸಿ ವೇಷದ ರಾವಣ ಬೇರೆ ಬೇರೆ ಗೊಂಬೆಗಳಾಗಿರಬಹುದು. ಹಲವು ಪಾತ್ರಗಳನ್ನು ಸೇರಿಸಿ ಇಡೀ ದೃಶ್ಯವನ್ನೇ ಒಂದು ಚರ್ಮದಲ್ಲಿ ಕೊರೆದ ಗೊಂಬೆಗಳೂ ಇವೆ. ಒಂದೊಂದು ಗೊಂಬೆಯೂ ಕಥೆಯ ಒಂದೊಂದು ಚೌಕಟ್ಟಿನಂತೆ ಪರದೆಗೆ ಬಂದು ಹೋಗುತ್ತದೆ.

*ಕಿಳ್ಳೇಕ್ಯಾತ.* ಆಟದ ಆರಂಭದಲ್ಲಿ ದೇವತಾಸ್ತುತಿಯ ಬಳಿಕ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ ಬರುತ್ತಾರೆ. ಕಿಳ್ಳೇಕ್ಯಾತನದು ಕಪ್ಪು ಮೈ, ಡೊಳ್ಳುಹೊಟ್ಟೆ, ದಪ್ಪ ತುಟಿ, ಕೆದರಿದ ಕೂದಲು. ವಿಕಾರರೂಪದ ಈ ವಿದೂಷಕನು ನೋಡುಗರಿಗೆ ಅತ್ಯಂತ ಪ್ರಿಯನಾದವನು. ಸಮುದಾಯಕ್ಕೆ ಅವನ ಹೆಸರೇ ನಿಂತಿದೆ. ವಿಕಾರವಾದುದೆಲ್ಲವೂ ದುಷ್ಟವಲ್ಲ ಎಂಬ ತಿಳಿವು ಆಟದ ಮೊದಲ ಗಳಿಗೆಯಲ್ಲೇ ನೋಡುಗರಿಗೆ ಸಿಗುತ್ತದೆ.

*ಕಲಾವಿದರು.* ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರು ಈ ಕಲೆಯ ಪ್ರಮುಖ ಹೆಸರು. ವೃತ್ತಿರಂಗಭೂಮಿಯ ಅನುಭವವಿದ್ದ ಅವರು ಶ್ರೀ ರಾಮಾಂಜನೇಯ ತೊಗಲುಗೊಂಬೆ ಮೇಳದ ಮೂಲಕ ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟ, ಬಸವಣ್ಣ ಮತ್ತು ಗಾಂಧೀಜಿಯವರ ಜೀವನವನ್ನೂ ಗೊಂಬೆಯಾಟಕ್ಕೆ ತಂದರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಸಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು. ಗಡಿಯಾಚೆಯ ಆಂಧ್ರಪ್ರದೇಶದಲ್ಲಿ ಧರ್ಮಾವರದ ಬಳಿಯ ನಿಮ್ಮಲಕುಂಟ ಗ್ರಾಮವೂ ತೊಗಲುಗೊಂಬೆಗಳಿಗೆ ಹೆಸರಾಗಿದೆ.

ಬಯಲಾಟದಲ್ಲಿ

ಸಿರುಗುಪ್ಪ, ಕುರುಗೋಡು, ಬಳ್ಳಾರಿ ಭಾಗದ ಹಳ್ಳಿಗಳಲ್ಲಿ ಸುಗ್ಗಿಯ ಅನಂತರ ಹಾಗೂ ಜಾತ್ರೆಗಳ ಕಾಲದಲ್ಲಿ ಬಯಲಾಟ ಆಡುವ ಸಂಪ್ರದಾಯವಿದೆ. ಇಲ್ಲಿ ಪ್ರಚಲಿತವಾಗಿರುವುದು ದೊಡ್ಡಾಟದ ಪ್ರಕಾರ. ಪಾತ್ರಧಾರಿಗಳು ಬಹುಮಟ್ಟಿಗೆ ರೈತರು ಮತ್ತು ಕೂಲಿಕಾರರು. ಮಾಸ್ತರರೊಬ್ಬರ ಬಳಿ ರಾತ್ರಿ ವೇಳೆ ತಿಂಗಳುಗಟ್ಟಲೆ ಕಲಿತು ಆಡುತ್ತಾರೆ.

ದೊಡ್ಡಾಟದಲ್ಲಿ ಪಾತ್ರವು ರಂಗಕ್ಕೆ ಬಂದಾಗ ಸಾರಥಿಯು 'ತಾವು ಯಾರು' ಎಂದು ವಿಚಾರಿಸುತ್ತಾನೆ. ಪಾತ್ರಧಾರಿ ತನ್ನ ಕುಲ, ಪರಾಕ್ರಮ, ಬಿರುದುಗಳನ್ನು ತಾನೇ ಹೇಳಿಕೊಳ್ಳಬೇಕು. ಈ ಕ್ರಮ ರಾಕ್ಷಸ ಪಾತ್ರಕ್ಕೆ ಹೇಳಿ ಮಾಡಿಸಿದಂತಿದೆ. ಬಾಣಾಸುರನಾಗಲಿ ಮೈರಾವಣನಾಗಲಿ ತನ್ನ ಕಥೆಯನ್ನು ತನ್ನ ಬಾಯಿಂದಲೇ ಹೇಳುವ ಹಕ್ಕು ಅದರಿಂದ ದೊರೆಯುತ್ತದೆ. ಪರದೆಯ ಮರೆಯಿಂದ ಕೇಳುವ ಆರ್ಭಟ, ಗೆಜ್ಜೆಯ ಸದ್ದು, ಮದ್ದಳೆಯ ಏರುಗತಿ ಪ್ರವೇಶಕ್ಕೆ ಕಳೆ ಕೊಡುತ್ತವೆ. ಎತ್ತರದ ಕಿರೀಟ, ಭುಜಕೀರ್ತಿ, ಎದೆಗವಚಗಳ ಭಾರ ಹೊತ್ತು ಕುಣಿಯಲು ದೇಹಬಲವೂ, ಬಯಲಿನ ಕೊನೆಯವರೆಗೆ ಮಾತು ಮುಟ್ಟಿಸಲು ಕಂಠವೂ ಬೇಕು. ಮೆಚ್ಚಿದವರು ರಂಗದ ಮೇಲೆಯೇ ಹಣ ಕೊಟ್ಟು ಗೌರವಿಸುವ ರೂಢಿಯುಂಟು.

ಪ್ರತಿನಾಯಕನನ್ನು ಗೌರವದಿಂದ ಕಾಣುವ ಈ ದೃಷ್ಟಿ ಕನ್ನಡ ಸಾಹಿತ್ಯದಲ್ಲೂ ಹಳೆಯದು. ಅಭಿನವ ಪಂಪನೆಂದು ಖ್ಯಾತನಾದ ನಾಗಚಂದ್ರನು 'ರಾಮಚಂದ್ರಚರಿತಪುರಾಣ'ದಲ್ಲಿ ಜೈನ ಪರಂಪರೆಯನ್ನು ಅನುಸರಿಸಿ ರಾವಣನನ್ನು ಪಶ್ಚಾತ್ತಾಪಪಡುವ ದುರಂತ ವ್ಯಕ್ತಿಯಾಗಿ ಚಿತ್ರಿಸಿದ್ದಾನೆ. ಕನ್ನಡ ಚಲನಚಿತ್ರದಲ್ಲಿ ಡಾ. ರಾಜ್‌ಕುಮಾರ್ 'ಮಹಿಷಾಸುರ ಮರ್ದಿನಿ' (1959) ಮತ್ತು 'ಭಕ್ತ ಪ್ರಹ್ಲಾದ' (1983) ಚಿತ್ರಗಳಲ್ಲಿ ಕ್ರಮವಾಗಿ ಮಹಿಷಾಸುರ ಹಾಗೂ ಹಿರಣ್ಯಕಶಿಪುವಿನ ಪಾತ್ರಗಳನ್ನು ವಹಿಸಿದರು.

ಮಾಸಪತ್ರಿಕೆ ಮತ್ತು ಚಿತ್ರಕಥೆಗಳಲ್ಲಿ

1947ರಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ 'ಚಂದಮಾಮ'ದ ಕನ್ನಡ ಆವೃತ್ತಿಯು 1949ರಲ್ಲಿ ಹೊರಬಂದಿತು. ಆಗ ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಪತ್ರಿಕೆಯ ಬೇತಾಳ ಕಥೆಗಳಿಗೆ 'ಶಂಕರ್' ಎಂದು ಪ್ರಸಿದ್ಧರಾದ ಕೆ. ಸಿ. ಶಿವಶಂಕರನ್ ಚಿತ್ರ ಬರೆದರು. ಒಂದು ಕೈಯಲ್ಲಿ ಖಡ್ಗ ಹಿಡಿದು, ಹೆಗಲ ಮೇಲೆ ಶವವನ್ನು ಹೊತ್ತು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರವು ಹಲವು ತಲೆಮಾರಿನ ಓದುಗರ ನೆನಪಿನಲ್ಲಿದೆ. ಇಲ್ಲಿನ ಬೇತಾಳವು ಹೆದರಿಸುವುದಕ್ಕಿಂತ ಹೆಚ್ಚಾಗಿ ನ್ಯಾಯದ ಪ್ರಶ್ನೆ ಕೇಳುತ್ತದೆ.

'ಅಮರ ಚಿತ್ರ ಕಥೆ' ಮಾಲೆಯನ್ನು ರೂಪಿಸಿದವರು ಕಾರ್ಕಳದಲ್ಲಿ ಜನಿಸಿದ ಅನಂತ ಪೈ (1929–2011). ಪ್ರಹ್ಲಾದ, ಘಟೋತ್ಕಚ, ಕುಂಭಕರ್ಣ ಮೊದಲಾದವರ ಕಥೆಗಳು ಈ ಮಾಲೆಯಲ್ಲಿ ಚಿತ್ರರೂಪ ಪಡೆದವು. ರಾಕ್ಷಸರಿಗೆ ಕಪ್ಪು ಬಣ್ಣ, ಸ್ಥೂಲ ದೇಹ ಕೊಟ್ಟು, ದೇವತೆಗಳಿಗೆ ಗೌರವರ್ಣ ಕೊಡುವ ಪದ್ಧತಿಯು ಮೈಬಣ್ಣದ ಬಗೆಗಿನ ಪೂರ್ವಗ್ರಹವನ್ನು ಮಕ್ಕಳಲ್ಲಿ ಬಲಪಡಿಸುತ್ತದೆ ಎಂಬ ಟೀಕೆಯನ್ನು ವಿಮರ್ಶಕರು ಈ ಮಾಲೆಯ ಬಗ್ಗೆ ಮಾಡಿದ್ದಾರೆ. ಕಪ್ಪು ಮೈಯ ಕಿಳ್ಳೇಕ್ಯಾತನನ್ನು ಆಟದ ಮುಂಚೂಣಿಯಲ್ಲಿ ನಿಲ್ಲಿಸಿದ ಜನಪದ ಪರಂಪರೆಯನ್ನು ಇದರೊಂದಿಗೆ ಹೋಲಿಸಿ ನೋಡಬಹುದು.

ಸಂಗ್ರಹ ಮತ್ತು ಇಂದಿನ ಸ್ಥಿತಿ

ತೊಗಲುಗೊಂಬೆಗಳ ಸಂಗ್ರಹಕ್ಕೆ ಶ್ರಮಿಸಿದವರಲ್ಲಿ ಕಲಾವಿದ ಎಂ. ಎಸ್. ನಂಜುಂಡರಾವ್ ಪ್ರಮುಖರು. ಅವರು ಕಟ್ಟಿ ಬೆಳೆಸಿದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಪ್ರತ್ಯೇಕ ವಿಭಾಗವಿದೆ. ರಾಮನಗರದ ಜಾನಪದ ಲೋಕದಲ್ಲೂ ತೊಗಲುಗೊಂಬೆಗಳನ್ನು ಕಾಣಬಹುದು. ಬಯಲಾಟಕ್ಕೆ ಪ್ರತ್ಯೇಕವಾದ ಕರ್ನಾಟಕ ಬಯಲಾಟ ಅಕಾಡೆಮಿಯು ಬಾಗಲಕೋಟೆಯಲ್ಲಿದೆ.

ಸಂಗ್ರಹಾಲಯವು ಗೊಂಬೆಯನ್ನು ಹುಳು, ತೇವಗಳಿಂದ ಕಾಪಾಡುತ್ತದೆ. ಆದರೆ ಆಡಿಸುವವನ ಧ್ವನಿ ಮತ್ತು ಕೈ ಗಾಜಿನ ಪೆಟ್ಟಿಗೆಯಲ್ಲಿ ಉಳಿಯುವುದಿಲ್ಲ. ಅದೇ ಚರ್ಮದ ಕೆಲಸ ಇಂದು ದೀಪದ ಮುಚ್ಚಳ ಮತ್ತು ಗೋಡೆಯ ಅಲಂಕಾರಗಳಾಗಿ ಮಾರಾಟವಾಗುತ್ತದೆ. ಅದರಿಂದ ಕುಟುಂಬಗಳಿಗೆ ಆದಾಯವಿದೆ. ಕಥೆಯ ಪಾಠ ಮುಂದುವರಿಯುವುದಿಲ್ಲ. ಇಡೀ ರಾತ್ರಿ ನಡೆಯುತ್ತಿದ್ದ ಆಟವು ಉತ್ಸವದ ವೇದಿಕೆಗಾಗಿ ಒಂದೆರಡು ಗಂಟೆಗೆ ಇಳಿದಾಗ ರಾಕ್ಷಸನ ದೀರ್ಘವಾದ ಸ್ವಪರಿಚಯ, ಸಭೆ, ಸಂವಾದಗಳಿಗೆ ಎಡೆ ಕಡಿಮೆಯಾಗುತ್ತದೆ. ಯುದ್ಧ ಮತ್ತು ವಧೆ ಮಾತ್ರ ಉಳಿಯುತ್ತವೆ. ಆಗ ರಾವಣನು ಸಾಯಲೆಂದೇ ಬರುವ ಪಾತ್ರವಾಗುತ್ತಾನೆ. ಪ್ರತಿನಾಯಕನಿಗೆ ಪೂರ್ಣ ಮಾತು ಕೊಡುವುದು ಈ ಕಲೆಗಳ ವಿಶೇಷ. ಆದ್ದರಿಂದ ಗೊಂಬೆ, ವೇಷಭೂಷಣಗಳ ರಕ್ಷಣೆಯಷ್ಟೇ ಪ್ರಸಂಗಗಳನ್ನು ಪೂರ್ಣವಾಗಿ ದಾಖಲಿಸಿ, ಹೊಸಬರಿಗೆ ಕಲಿಸುವುದೂ ಅಗತ್ಯವಾಗಿದೆ.

ಇವನ್ನೂ ನೋಡಿ

* ತೊಗಲುಗೊಂಬೆಯಾಟ
* ದೊಡ್ಡಾಟ
* ಕೀರ್ತಿಮುಖ
* ಸಂಗನಕಲ್ಲು
* ಚಂದಮಾಮ