ಕಡೆದ ಕಂಬವೂ ಕಡೆತದ ಸೂತ್ರಪಾಠವೂ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡವು ಮಾಲತೇಶಸ್ವಾಮಿಯ ಕ್ಷೇತ್ರವೆಂದು ನಾಡಿನಲ್ಲೆಲ್ಲ ಪ್ರಸಿದ್ಧವಾದುದು. ದಸರೆಯ ಉತ್ಸವದಲ್ಲಿ ಅಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವು ಕೆಲವೇ ಪದಗಳ ಒಂದು ವಾಕ್ಯ. ಕೇಳಿದವರು ಮಳೆ, ಬೆಳೆ, ರಾಜ್ಯಭಾರ ಮುಂತಾದವುಗಳ ವಿಷಯದಲ್ಲಿ ತಮ್ಮ ತಮ್ಮ ಬುದ್ಧಿಗೆ ತಕ್ಕಂತೆ ಅದಕ್ಕೆ ಅರ್ಥವನ್ನು ಹೇಳಿಕೊಳ್ಳುವರು. ಅದೇ ದಸರೆಯಲ್ಲಿ ಬರುವ ಆಯುಧಪೂಜೆಯಂದು ಯಂತ್ರಶಾಲೆಗಳಲ್ಲಿ ಲೇತುಗಳಿಗೆ ಅರಿಸಿನ ಕುಂಕುಮಗಳನ್ನಿಟ್ಟು ಪೂಜಿಸುವ ವಾಡಿಕೆಯುಂಟು. ಈಗಿನ ಗಣಕನಿಯಂತ್ರಿತ ಲೇತು ಸಹ ಅಲ್ಪಾಕ್ಷರದ ನುಡಿಯನ್ನನುಸರಿಸಿಯೇ ನಡೆಯತಕ್ಕುದು. ಆದರೆ ಅದು ನುಡಿಗೆ ಅರ್ಥವನ್ನು ಹಚ್ಚಲಾರದು, ಬರೆದುದನ್ನು ಬರೆದಂತೆಯೇ ಮಾಡುವುದು. ಆದಕಾರಣ ವ್ಯಾಖ್ಯಾನವೆಲ್ಲವೂ ಯಂತ್ರವು ತಿರುಗುವುದಕ್ಕೆ ಮೊದಲೇ ಮನುಷ್ಯನ ಬುದ್ಧಿಯಲ್ಲಿ ಮುಗಿದಿರಬೇಕಾಗುತ್ತದೆ. ಈ ಸೀಮೆಯಲ್ಲಿ ಕಡೆತದ ವಿದ್ಯೆಯು ಕಲ್ಲಿನ ಕಂಬದಿಂದ ಲಿಖಿತ ಪಾಠಕ್ಕೆ ಹೇಗೆ ಸಾಗಿಬಂದಿತು, ಆ ಪಾಠದ ಸ್ವರೂಪವೇನು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಶಬ್ದವನ್ನು ನೋಡೋಣ. ಮೊಸರನ್ನು ಕಡೆಯುವುದು, ಮರವನ್ನು ಕಡೆಯುವುದು ಎಂಬ ಎರಡು ಕೆಲಸಗಳಿಗೂ ಕನ್ನಡದಲ್ಲಿ ಧಾತು ಒಂದೇ; ತಮಿಳಿನಲ್ಲಿಯೂ ಹಾಗೆಯೇ. ಇದು ಆಕಸ್ಮಿಕವಲ್ಲ. ಕಡೆಗೋಲಿಗೆ ಹಗ್ಗವನ್ನು ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆಯುವಂತೆಯೇ ಹಳೆಯ ಕಡೆತದ ಸಾಧನದಲ್ಲಿ ಮರದ ತುಂಡಿಗೆ ಹಗ್ಗವನ್ನು ಸುತ್ತಿ ಒಬ್ಬನು ಎಳೆಯುತ್ತಿದ್ದನು. ಮತ್ತೊಬ್ಬನು ಉಳಿಯನ್ನು ಹಿಡಿಯುತ್ತಿದ್ದನು. ಸಂಸ್ಕೃತದಲ್ಲಿ ಇಂತಹ ಸಾಧನಕ್ಕೆ ಭ್ರಮವೆಂದು ಹೆಸರು. ರಘುವಂಶದ ಆರನೆಯ ಸರ್ಗದಲ್ಲಿ ಅವಂತಿರಾಜನನ್ನು ವರ್ಣಿಸುವಾಗ ಕಾಳಿದಾಸನು ತ್ವಷ್ಟೃವು ಚಕ್ರಭ್ರಮಕ್ಕೇರಿಸಿ ಕೆತ್ತಿದ ಸೂರ್ಯನನ್ನು ಉಪಮಾನವಾಗಿ ತಂದಿರುವನು. ಚಕ್ರಭ್ರಮವನ್ನು ಆಯುಧ ಮಸೆಯುವ ಸಾಣೆಯೆಂದೂ ಕಡೆತದ ಚಕ್ರವೆಂದೂ ಅರ್ಥಮಾಡುವುದುಂಟು. ಸೂರ್ಯನ ತೇಜಸ್ಸನ್ನು ಸಹಿಸಲಾರದ ಸಂಜ್ಞಾದೇವಿಗಾಗಿ ವಿಶ್ವಕರ್ಮನು ಆತನನ್ನು ಹೀಗೆ ತಿರುಗಿಸಿ ತೇಜಸ್ಸನ್ನು ಸವರಿದನೆಂದೂ, ಸವರಿ ಬಿದ್ದುದರಿಂದ ವಿಷ್ಣುವಿನ ಚಕ್ರ, ಶಿವನ ಶೂಲ ಮೊದಲಾದ ಆಯುಧಗಳಾದುವೆಂದೂ ಮಾರ್ಕಂಡೇಯಪುರಾಣವು ಹೇಳುತ್ತದೆ. ಮೈಲಾರದೇವನನ್ನು ಮಾರ್ತಂಡಭೈರವನೆಂದು ಉಪಾಸಿಸುವರು. ಮಾರ್ತಂಡನೆಂಬುದು ಸೂರ್ಯನ ಹೆಸರೇ ಆದುದರಿಂದ, ಈ ಕಥೆಯು ದೇವರಗುಡ್ಡದ ಸೀಮೆಗೆ ತೀರ ಪರಕೀಯವೇನೂ ಅಲ್ಲ.

ಕಥೆಯಿಂದ ಕಲ್ಲಿಗೆ ಬಂದರೆ ಸಾಕ್ಷ್ಯವು ಕಣ್ಣಿಗೇ ಕಾಣುತ್ತದೆ. ಹಾವೇರಿ ಜಿಲ್ಲೆಯಲ್ಲಿಯೇ ಹಾನಗಲ್ಲಿನ ತಾರಕೇಶ್ವರ ದೇವಾಲಯ, ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ಗುಡಿಯೆಂದು ಹೆಸರಾದ ನಗರೇಶ್ವರ ದೇವಾಲಯ, ಇವೆರಡರಲ್ಲಿಯೂ ಕಲ್ಯಾಣ ಚಾಲುಕ್ಯರ ಕಾಲದ ಕಡೆದ ಕಂಬಗಳಿವೆ. ತುಂಗಭದ್ರೆಯ ಆಚೆಯ ದಡದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿಯೂ ಅವುಂಟು. ಹನ್ನೊಂದನೆಯ ಶತಮಾನದಲ್ಲಿ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲನ್ನು ಹಿಡಿದುದೇ ಈ ಕಡೆತಕ್ಕೆ ಅನುಕೂಲವಾಯಿತು. ಈ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು. ಕಂಬದ ಬುಡವು ಸಾಮಾನ್ಯವಾಗಿ ಚೌಕವಾಗಿಯೇ ಉಳಿದಿರುತ್ತದೆ. ಅದರ ಮೇಲೆ ಗಂಟೆಯಾಕೃತಿಯ ಭಾಗ, ಅದರ ಮೇಲೆ ಕೂರಲಗಿನಂತಹ ಅಂಚುಗಳುಳ್ಳ ಬಳೆಗಳು, ತಟ್ಟೆಗಳು. ಪ್ರತಿಯೊಂದು ಬಳೆಯೂ ನಡುವಿನ ಅಕ್ಷದಿಂದ ಸುತ್ತಲೂ ಸಮದೂರದಲ್ಲಿದೆ.

ಇಡೀ ಕಂಬವೇ ತಿರುಗುತ್ತಿದ್ದಿತೋ, ನಿಂತ ಕಂಬದ ಸುತ್ತ ಉಳಿಯೇ ಸುತ್ತುತ್ತಿದ್ದಿತೋ ಎಂಬ ವಿಷಯದಲ್ಲಿ ವಿದ್ವಾಂಸರೊಳಗೆ ಭಿನ್ನಾಭಿಪ್ರಾಯವುಂಟು. ಈ ವಿವಾದಕ್ಕೆ ಕಾರಣವು ಗಮನಾರ್ಹವಾದುದು. ಆ ಕಾಲದ ದೇವಾಲಯ ಶಾಸನಗಳು ಸಾಮಾನ್ಯವಾಗಿ ಅರಸನನ್ನು, ದಾನಿಯನ್ನು, ದತ್ತಿಯನ್ನು, ಕೆಲವೆಡೆ ರೂವಾರಿಯ ಹೆಸರನ್ನೂ ಹೇಳುವುವು; ಕಂಬವನ್ನು ಕಡೆದ ಕ್ರಮವನ್ನು ಹೇಳುವುದಿಲ್ಲ. ವಿದ್ಯೆಯು ಗುರುವಿನ ಕೈಯಿಂದ ಶಿಷ್ಯನ ಕೈಗೆ ಸಂದಿತು; ಕೈಗಳು ನಿಂತ ದಿನ ಕ್ರಮವೂ ನಿಂತಿತು. ಕೃತಿಯು ಉಳಿದು ಅದರ ಸೂತ್ರವು ಲುಪ್ತವಾದುದಕ್ಕೆ ಈ ಕಂಬಗಳಿಗಿಂತ ಸ್ಪಷ್ಟವಾದ ನಿದರ್ಶನವಿಲ್ಲ.

ಅದೇ ಹರಿಹರದಲ್ಲಿ, ದೇವಾಲಯವಾದ ಏಳು ಶತಮಾನಗಳ ತರುವಾಯ, ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯು ಲೇತುಗಳನ್ನು ತಯಾರಿಸುವ ಕಾರ್ಖಾನೆಯಾಗಿ ತಲೆಯೆತ್ತಿತು. ಆಗ ನದಿಯ ಈಚೆಯ ರಾಣೆಬೆನ್ನೂರು ಮುಂಬಯಿ ಪ್ರಾಂತಕ್ಕೂ ಆಚೆಯ ಹರಿಹರವು ಮೈಸೂರು ಸಂಸ್ಥಾನಕ್ಕೂ ಸೇರಿದ್ದುವು. ೧೯೫೩ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷೀನ್ ಟೂಲ್ಸ್ ಸ್ಥಾಪಿತವಾಯಿತು. ೧೯೬೨ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದು ಕೇಂದ್ರ ಸಂಸ್ಥೆಯೊಂದು ಅಲ್ಲಿಯೇ ಹುಟ್ಟಿತು. ಹರಿಹರದ ಕಾರ್ಖಾನೆಯು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಕೈಯಿಂದ ನಡೆಯುವ ಲೇತಿನಲ್ಲಿ ಕಡೆಯುವವನು ಅಂಕಗಳನ್ನು ಕೊರೆದ ಕೈಚಕ್ರಗಳನ್ನು ತಿರುಗಿಸಿ ಉಳಿಯನ್ನು ಒಳಕ್ಕೂ ಉದ್ದಕ್ಕೂ ಸರಿಸುವನು. ಅಳತೆಯು ನಕ್ಷೆಯಲ್ಲಿದ್ದರೂ ಚಲನೆಯ ಕ್ರಮವು ಇನ್ನೂ ಅವನ ಕೈಯಲ್ಲಿಯೇ ಇದ್ದಿತು.

ಚಲನೆಯ ಕ್ರಮವನ್ನೇ ಅಂಕಗಳಾಗಿ ಬರೆದಿಡುವ ಯುಕ್ತಿಯು ಅಮೆರಿಕೆಯಲ್ಲಿ ಹೊರಟಿತು. ಹೆಲಿಕಾಪ್ಟರಿನ ರೆಕ್ಕೆಗಳ ವಕ್ರಾಕೃತಿಯನ್ನು ನಿಖರವಾಗಿ ಪಡೆಯಬೇಕೆಂದು ಜಾನ್ ಪಾರ್ಸನ್ಸ್ ಎಂಬಾತನು ತೊಡಗಿದ ಪ್ರಯತ್ನದಿಂದ, ೧೯೫೨ರಲ್ಲಿ ಮೆಸಾಚುಸೆಟ್ಸ್ ತಂತ್ರವಿದ್ಯಾಲಯದಲ್ಲಿ ರಂಧ್ರಗಳಿಂದ ಕೂಡಿದ ಕಾಗದದ ಪಟ್ಟಿಯನ್ನು ಓದಿ ನಡೆಯುವ ಯಂತ್ರವು ಪ್ರದರ್ಶಿತವಾಯಿತು. ಅದು ಲೇತಲ್ಲ, ಮಿಲ್ಲಿಂಗ್ ಯಂತ್ರ. ತತ್ತ್ವವು ಎರಡಕ್ಕೂ ಸಮಾನ. ಈ ಬರಹದ ರೀತಿಗೆ ೧೯೮೨ರಲ್ಲಿ ಐಎಸ್‌ಒ ೬೯೮೩ ಎಂಬ ಅಂತಾರಾಷ್ಟ್ರೀಯ ನಿಯಮವಾಯಿತು. ಕಾಗದದ ಪಟ್ಟಿಯು ಮಾಯವಾದರೂ ಅದರ ಸ್ಮೃತಿಯು ಪಾಠದಲ್ಲಿ ಉಳಿದಿದೆ: ಪಾಠದ ಕೊನೆಗೆ ಬರೆಯುವ 'ಎಂ ೩೦' ಎಂಬುದಕ್ಕೆ ಮುಗಿಸಿ ಮೊದಲಿಗೆ ಮರಳುವುದೆಂದು ಅರ್ಥ, ಮೂಲದಲ್ಲಿ ಅದು ಪಟ್ಟಿಯನ್ನು ಹಿಂದಕ್ಕೆ ಸುತ್ತುವ ಆಜ್ಞೆ.

ಪ್ರೋಗ್ರಾಂ ಎಂದು ಕರೆಯಲ್ಪಡುವ ಈ ಪಾಠದ ರಚನೆಯು ವ್ಯಾಕರಣಾಭ್ಯಾಸಿಗಳಿಗೆ ಕುತೂಹಲವನ್ನುಂಟುಮಾಡತಕ್ಕುದು. ಒಂದು ಅಕ್ಷರ, ಅದರ ಮುಂದೆ ಒಂದು ಸಂಖ್ಯೆ, ಇವೆರಡೂ ಸೇರಿ ಪದ; ಪದಗಳು ಸೇರಿ ಬ್ಲಾಕ್ ಎಂಬ ಪಂಕ್ತಿ. 'ಎಕ್ಸ್ ೪೦.೦' ಎಂದರೆ ಸಾಮಾನ್ಯವಾಗಿ ವ್ಯಾಸವು ನಲವತ್ತು ಮಿಲಿಮೀಟರು, 'ಝಡ್ -೨೫.೦' ಎಂದರೆ ತುಂಡಿನ ಮುಖವನ್ನು ಸೊನ್ನೆಯೆಂದು ಹಿಡಿದಾಗ ಅಲ್ಲಿಂದ ಚಕ್ಕಿನ ಕಡೆಗೆ ಇಪ್ಪತ್ತೈದು ಮಿಲಿಮೀಟರು, 'ಎಫ್ ೦.೨' ಎಂದರೆ ತುಂಡಿನ ಒಂದು ಸುತ್ತಿಗೆ ಉಳಿಯು ಸರಿಯುವ ದೂರ. 'ಜಿ ೦೦' ಎಂಬುದು ಕತ್ತರಿಸದೆ ಶೀಘ್ರವಾಗಿ ಸರಿಯುವ ವಿಧಿ. 'ಜಿ ೦೧' ಕತ್ತರಿಸುತ್ತ ಸರಳರೇಖೆಯಲ್ಲಿ ಸಾಗುವ ವಿಧಿ. 'ಜಿ ೦೨', 'ಜಿ ೦೩' ಎಂಬವು ಚಾಪಾಕಾರದ ಗತಿಗಳು. ಒಮ್ಮೆ 'ಜಿ ೦೧' ಎಂದು ಬರೆದರೆ ಮುಂದಿನ ಪಂಕ್ತಿಗಳಲ್ಲಿ ಅದನ್ನು ಪುನಃ ಬರೆಯಬೇಕಾಗಿಲ್ಲ. ಅದೇ ವರ್ಗದ ಬೇರೊಂದು ವಿಧಿಯು ಬಾಧಿಸುವವರೆಗೂ ಅದು ಮುಂದುವರಿಯುವುದು. ಇದು ಪಾಣಿನೀಯದಲ್ಲಿ ಪ್ರಸಿದ್ಧವಾದ ಅನುವೃತ್ತಿಯಲ್ಲದೆ ಮತ್ತೇನು? 'ಜಿ ೦೪' ಎಂಬ ವಿರಾಮವಿಧಿಯಾದರೋ ತನ್ನ ಪಂಕ್ತಿಯಲ್ಲಿ ಮಾತ್ರ ಪ್ರವರ್ತಿಸಿ ನಿಲ್ಲುವುದು, ಅದಕ್ಕೆ ಅನುವೃತ್ತಿಯಿಲ್ಲ. ಅನುವೃತ್ತಿಯನ್ನು ಮರೆತರೆ ವ್ಯಾಕರಣದಲ್ಲಿ ಅಪಶಬ್ದವಾದೀತು. ಇಲ್ಲಿ 'ಜಿ ೦೦' ಬಾಧಿತವಾಗದೆ ಉಳಿದರೆ ಉಳಿಯು ಶೀಘ್ರಗತಿಯಿಂದಲೇ ಲೋಹಕ್ಕೆ ಅಪ್ಪಳಿಸುವುದು. ಲಿಪಿಕಾರನು ಬಿಂದುವನ್ನು ಬಿಟ್ಟರೆ ಓದುವವನು ಊಹಿಸಿ ತಿದ್ದಿಕೊಳ್ಳಬಹುದು. ಕೆಲವು ನಿಯಂತ್ರಕಗಳಲ್ಲಿ ದಶಾಂಶಬಿಂದುವನ್ನು ಬಿಟ್ಟು ನಲವತ್ತು ಎಂದು ಬರೆದರೆ ಯಂತ್ರವು ನಲವತ್ತು ಮಿಲಿಮೀಟರೆಂದಲ್ಲ, ಮಿಲಿಮೀಟರಿನ ಸಾವಿರದ ನಲವತ್ತು ಭಾಗಗಳೆಂದೇ ತಿಳಿಯುವುದು.

ಇಂತಹ ಪಾಠವನ್ನು ನಡೆಯಿಸುವುದು ಗುಂಡಿಯನ್ನೊತ್ತುವ ಕೆಲಸವೆಂಬ ಭಾವನೆಯು ತಪ್ಪು. ಮೊದಲು ತುಂಡನ್ನು ಚಕ್ಕಿನಲ್ಲಿ ಬಿಗಿದು ಅದರ ಮುಖದಲ್ಲಿ ಸೊನ್ನೆಯನ್ನು ನೆಲೆಗೊಳಿಸಬೇಕು. ಪ್ರತಿಯೊಂದು ಉಳಿಯ ತುದಿಯೂ ಎಲ್ಲಿದೆಯೆಂಬುದನ್ನು ಅಳೆದು ಆಫ್‌ಸೆಟ್ ಪಟ್ಟಿಯಲ್ಲಿ ಬರೆಯಬೇಕು. ಬಳಿಕ ತುಂಡಿಲ್ಲದೆಯೋ ಉಳಿಯನ್ನು ದೂರವಿಟ್ಟೋ ಪಾಠವನ್ನು ಒಮ್ಮೆ ನಡೆಯಿಸಿ ನೋಡಬೇಕು; ಮೊದಲನೆಯ ತುಂಡನ್ನು ಪಂಕ್ತಿ ಪಂಕ್ತಿಯಾಗಿ, ವೇಗವನ್ನು ತಗ್ಗಿಸಿ, ಕೈಯನ್ನು ನಿಲ್ಲಿಸುವ ಗುಂಡಿಯ ಬಳಿಯಲ್ಲಿಟ್ಟು ಕಡೆಯಬೇಕು. ಕತ್ತರಿಸುವ ವೇಗವನ್ನು ನಿಮಿಷಕ್ಕೆ ೧೫೦ ಮೀಟರೆಂದು ನಿಯಮಿಸಿದರೆ, ೫೦ ಮಿಲಿಮೀಟರು ವ್ಯಾಸದಲ್ಲಿ ನಿಮಿಷಕ್ಕೆ ಸುಮಾರು ೯೫೫ ಸುತ್ತು. ೨೫ಕ್ಕಿಳಿದಾಗ ಸುಮಾರು ೧೯೧೦. ಉಳಿಯು ನಡುವನ್ನು ಸಮೀಪಿಸಿದಷ್ಟೂ ಇದು ಏರುತ್ತಲೇ ಹೋಗುವುದರಿಂದ ಸುತ್ತುಗಳಿಗೆ ಮೇರೆಯನ್ನು ಪಾಠದಲ್ಲಿಯೇ ವಿಧಿಸಬೇಕು. ಇಲ್ಲದಿದ್ದರೆ ತುಂಡು ಚಕ್ಕಿನ ಹಿಡಿತವನ್ನು ಮೀರಿ ಹಾರಬಹುದು. ತುಂಡನ್ನು ಅಳೆದಾಗ ೪೦.೦೦ಕ್ಕೆ ಬದಲಾಗಿ ೪೦.೦೪ ಬಂದರೆ, ಪಾಠವನ್ನು ಮುಟ್ಟದೆ ಉಳಿಯ ಸವೆತದ ಪಟ್ಟಿಯಲ್ಲಿ ೦.೦೪ ಕಳೆಯಬೇಕು. ಮೂಲವನ್ನು ಹಾಗೆಯೇ ಇರಿಸಿ ಶುದ್ಧಿಪತ್ರವನ್ನು ಬೇರೆಯಾಗಿ ಹಚ್ಚುವ ಗ್ರಂಥಸಂಪಾದಕನ ನ್ಯಾಯವೇ ಇದು. ಎಷ್ಟು ಕಳೆಯಬೇಕೆಂಬುದನ್ನು ಮೈಕ್ರೋಮೀಟರು ಹೇಳುವುದು. ಏತಕ್ಕಾಗಿ ಹೆಚ್ಚು ಬಂದಿತು, ಉಳಿಯು ಸವೆಯಿತೋ ತುಂಡು ಬಾಗಿತೋ ಬಿಸಿಯಿಂದ ಹಿಗ್ಗಿತೋ ಎಂಬುದನ್ನು ಕಡೆಯುವವನೇ ನಿರ್ಣಯಿಸಬೇಕು.

ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ಸೂತ್ರಗಳನ್ನು ಮಾತ್ರ ಬರೆದು ಕೈಬಿಡಲಿಲ್ಲ. ವೃತ್ತಿಯನ್ನು ತಾನೇ ಬರೆದು ಪ್ರಯೋಗಗಳನ್ನೂ ಕೊಟ್ಟನು. ಹರಿಹರದ ಕಂಬಗಳನ್ನು ಕಡೆದವರು ಹೆಚ್ಚುಕಡಮೆ ಅದೇ ಶತಮಾನದವರು. ಅವರಲ್ಲಿ ಪ್ರಯೋಗವಿದ್ದಿತು, ಸೂತ್ರವೂ ವೃತ್ತಿಯೂ ನಮಗೆ ಉಳಿಯಲಿಲ್ಲ. ಇಂದಿನ ಲೇತಿನಲ್ಲಿ ಸೂತ್ರವುಂಟು, ಪ್ರಯೋಗವೂ ಉಂಟು. ಸೂತ್ರಪಾಠವನ್ನು ಒಂದೂರಿನಲ್ಲಿ ಬರೆದು ಬೇರೊಂದೂರಿನಲ್ಲಿ ನಡೆಯಿಸುವುದೂ ಸಾಧ್ಯ. ನಡುವಿನ ವೃತ್ತಿಯು ಕನ್ನಡದಲ್ಲಿ ದೃಢವಾಗಿ ನೆಲೆಗೊಳ್ಳದಿದ್ದರೆ, ಪಾಠವನ್ನು ನಡೆಯಿಸುವವನು ಅದನ್ನು ಓದಲಾರದೆ ಅಕ್ಷರಗಳ ಕಾವಲುಗಾರನಾಗಿ ಮಾತ್ರ ಉಳಿಯುವನು. ವಿದ್ಯೆಯು ಪಾಠವನ್ನು ಬರೆದವನ ಪಾಲಾಗುವುದು.

ಆದುದರಿಂದ ಭಾಷಾವಿದ್ವಾಂಸರು ಈ ವಿಷಯದಲ್ಲಿ ಮಾಡಬಹುದಾದ ಕೆಲಸವೊಂದುಂಟು. ಹರಿಹರದ ಕಾರ್ಖಾನೆಯಲ್ಲಿ ದುಡಿದವರೂ ಈ ಸೀಮೆಯ ಯಂತ್ರಶಾಲೆಗಳಲ್ಲಿ ಈಗ ದುಡಿಯುತ್ತಿರುವವರೂ ಕಡೆತದ ಒಂದೊಂದು ಹಂತಕ್ಕೂ ತಮ್ಮ ಆಡುನುಡಿಯಲ್ಲಿ ಯಾವ ಮಾತುಗಳನ್ನು ಬಳಸುವರೆಂಬುದನ್ನು ಸಂಗ್ರಹಿಸಿ, ಪ್ರತಿಯೊಂದು ವಿಧಿಗೂ ಕನ್ನಡದಲ್ಲಿ ವೃತ್ತಿಯನ್ನೂ ಉದಾಹರಣೆಯನ್ನೂ ಬರೆದು ಪ್ರಕಟಿಸಬೇಕು. ಲೇತು, ಚಕ್ಕು ಮೊದಲಾದ ರೂಢಶಬ್ದಗಳನ್ನು ಬದಲಿಸುವ ಶ್ರಮವು ಬೇಕಾಗಿಲ್ಲ. ಕಡೆ ಎಂಬ ಧಾತುವೂ ಅದರ ಹಿಂದಿನ ಅನುಭವವೂ ನಮ್ಮಲ್ಲಿಯೇ ಇರುವಾಗ ಶಬ್ದದಾರಿದ್ರ್ಯದ ಭಯವಿಲ್ಲ. ಆ ಕೆಲಸವನ್ನು ಕೈಗಳು ಇನ್ನೂ ನಡೆಯುತ್ತಿರುವಾಗಲೇ ಮಾಡಬೇಕು.