ಔಷಧಿಗೂ ಬಿಸಿಲು ತಾಗುತ್ತದೆ

ನಾನು ಚಿಕ್ಕವಳಿದ್ದಾಗ ಹಲಗೂರಿನಲ್ಲಿ ಔಷಧಿ ಎಂದರೆ ಮನೆಯಿಂದಲೇ ಸೀಸೆ ತೊಳೆದು ಒಯ್ದು ಸರ್ಕಾರಿ ಆಸ್ಪತ್ರೆಯ ಕಂಪೌಂಡರ ಕಿಟಕಿಯ ಮುಂದೆ ನಿಲ್ಲುವುದು. ಕೆಂಪು ಮಿಕ್ಸ್ಚರು ತುಂಬಿ, ಹೊತ್ತಿಗೆ ಎಷ್ಟೆಂದು ತಿಳಿಯಲು ಕಚ್ಚು ಹಾಕಿದ ಕಾಗದದ ಪಟ್ಟಿಯನ್ನು ಸೀಸೆಗೆ ಅಂಟಿಸಿ ಕೊಡುತ್ತಿದ್ದರು. ತಂದವರು ಅಡುಗೆಮನೆಯ ಕಿಟಕಿಯಲ್ಲಿಟ್ಟು ಮರೆಯುತ್ತಿದ್ದೆವು. ಹಾಲಿನ ಹಾಗೆ ಔಷಧಿಯೂ ಕೆಡುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಹಾಲಾದರೋ ಒಡೆಯುತ್ತದೆ, ವಾಸನೆ ಬರುತ್ತದೆ. ಔಷಧಿ ಕೆಟ್ಟರೂ ಎಷ್ಟೋ ಸಲ ನೋಡುವುದಕ್ಕೆ ಹಾಗೇ ಇರುತ್ತದೆ.

ಇದು ನನಗೆ ತಿಳಿದದ್ದು ಅವ್ವನನ್ನು ಬೈದ ಮೇಲೆ. ಅವಳಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಏಳೆಂಟು ವರ್ಷದ ಹಿಂದೆ ಯುಗಾದಿ ಕಳೆದ ಮೇಲೆ ಸಕ್ಕರೆ ಏರಿದ್ದು ಇಳಿಯಲೇ ಇಲ್ಲ. ಡಾಕ್ಟರು ಪ್ರಮಾಣ ಹೆಚ್ಚಿಸಿದರು. ನಾನು ಮಾತ್ರ ಅವಳು ಕದ್ದು ಒಬ್ಬಟ್ಟು ತಿಂದಿದ್ದಾಳೆಂದೇ ತೀರ್ಮಾನಿಸಿದೆ. "ನಾನು ಮುಟ್ಟಿಲ್ಲ ಕಣವ್ವ" ಎಂದರೆ, ಮಕ್ಕಳ ಸುಳ್ಳು ಹಿಡಿದು ಹಿಡಿದು ಪಳಗಿದ ಮೇಷ್ಟ್ರಮ್ಮ ನಾನು, ನಂಬಲಿಲ್ಲ.

ಮುಂದಿನ ಬಾಟಲಿ ತರಲು ಹೋದ ಬೆಳಿಗ್ಗೆ ಅಂಗಡಿಯ ಹುಡುಗ ಫ್ರಿಜ್ಜಿನಿಂದ ತೆಗೆದು ಕೊಟ್ಟದ್ದು ಕೈಗೆ ಉಗುರುಬೆಚ್ಚಗಿತ್ತು. ಕೇಳಿದರೆ, "ರಾತ್ರಿ ಮುಚ್ಚುವಾಗ ಮೇನ್ ಆಫ್ ಮಾಡ್ತೀವಿ ಮೇಡಂ" ಎಂದ. ಒಳಗೆ ತಂಪು ಪಾನೀಯದ ಬಾಟಲಿಗಳೂ ಇದ್ದವು. ಬೇರೆ ಅಂಗಡಿಯಿಂದ ತಣ್ಣಗಿದ್ದದ್ದನ್ನು ತಂದು, ಹೆಚ್ಚಿಸಿದ ಅದೇ ಪ್ರಮಾಣ ಚುಚ್ಚಿದೆವು. ಮಧ್ಯಾಹ್ನದೊಳಗೆ ಅವ್ವ ಬೆವರಿ ನಡುಗತೊಡಗಿದಳು. ಸಕ್ಕರೆ ನೀರು ಕುಡಿಸಿ ಎಬ್ಬಿಸಿ ಕೂರಿಸಿದ್ದಾಯಿತು. ಸತ್ತ್ವ ಕಳೆದುಕೊಂಡ ಔಷಧಿ ಒಂದು ರೀತಿ ಕೊಲ್ಲುತ್ತದೆ, ಅದರ ಲೆಕ್ಕದಲ್ಲಿ ಕೊಟ್ಟ ಒಳ್ಳೆಯ ಔಷಧಿ ಇನ್ನೊಂದು ರೀತಿ.

ಪಾಠ ಹೇಳುವವಳ ಚಪಲ, ಆಮೇಲೆ ಹುಡುಕಿ ಓದಿದೆ. ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ, ಕೆನಡಾದ ಟೊರಾಂಟೊದಲ್ಲಿ. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲು ಚುಚ್ಚಿದರು. ಆ ಕಾಲಕ್ಕೆ ನಮ್ಮ ದೇಶದಲ್ಲಿ ಔಷಧಿ ಮಾರಾಟಕ್ಕೆ ಹಿಡಿತವೇ ಇರಲಿಲ್ಲವೆನ್ನಬೇಕು. ಮಲೇರಿಯಾಕ್ಕೆ ಕೊಡುವ ಕ್ವಿನೈನಿನಲ್ಲೂ ಮೋಸ. ನಾಲೆಯ ನೀರಿನ ಹಿಂದೆಯೇ ಮಲೇರಿಯಾ ಕಂಡ ನಮ್ಮ ಮಂಡ್ಯದ ಕಡೆಯವರಿಗೆ ಆ ಮೋಸದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಕೂಗು ಎದ್ದು 1930ರಲ್ಲಿ ರಾಮನಾಥ ಚೋಪ್ರಾ ಅವರ ಸಮಿತಿ ಕೂತಿತು, ಮರುವರ್ಷ ವರದಿ. 1940ರಲ್ಲಿ ಔಷಧ ಕಾಯಿದೆ, 1945ರಲ್ಲಿ ಅದರ ನಿಯಮಗಳು, ಅಂಗಡಿಯಲ್ಲಿ ಕಲಿತ ಫಾರ್ಮಸಿಸ್ಟ್ ಇರಬೇಕೆನ್ನುವುದಕ್ಕೆ ಬಲ ಕೊಟ್ಟ ಫಾರ್ಮಸಿ ಕಾಯಿದೆ 1948ರಲ್ಲಿ.

ಆ ನಿಯಮಗಳಲ್ಲಿ ನನ್ನ ಕಣ್ಣು ನಿಂತದ್ದು ಒಂದು ಮಾತಿನ ಮೇಲೆ. ಔಷಧಿಗಳ ಗುಣ ಉಳಿಯುವಂತೆ ಇಡುವ ವ್ಯವಸ್ಥೆ ಅಂಗಡಿಯಲ್ಲಿದ್ದರೆ ಮಾತ್ರ ಲೈಸೆನ್ಸು. ಜಾಗವೂ ಹತ್ತು ಚದರ ಮೀಟರಿಗೆ ಕಡಿಮೆ ಇರಬಾರದು. ಅವಧಿ ಮೀರಿದ್ದನ್ನು ಮಾರುವಂತಿಲ್ಲ, ಮಾರುವ ಮಾಲಿನಿಂದ ಬೇರೆಯಾಗಿಡಬೇಕು. ಮತ್ತು ಬರಿಸುವ ಕೆಲವು ಔಷಧಿಗಳಿರುವ ಎಕ್ಸ್ ಪಟ್ಟಿಯವು ಬೀಗದೊಳಗೆ; ಅವುಗಳ ಚೀಟಿಯ ಪ್ರತಿ ಎರಡು ವರ್ಷ ಅಂಗಡಿಯಲ್ಲಿರಬೇಕು. 2014ರಿಂದ ಎಚ್ 1 ಎಂಬ ಪಟ್ಟಿ ಬಂದು, ಕ್ಷಯದ ಔಷಧಿ, ಕೆಲವು ಆ್ಯಂಟಿಬಯಾಟಿಕ್ಕುಗಳನ್ನು ಯಾರಿಗೆ ಕೊಟ್ಟರೆಂದು ಬರೆದಿಡುವ ಪುಸ್ತಕವೂ ಸೇರಿತು. ಬೀಗ, ಪುಸ್ತಕ ಇವನ್ನು ತನಿಖೆಗೆ ಬಂದವರು ನೋಡಬಹುದು. ರಾತ್ರಿ ಹತ್ತರ ಮೇಲೆ ಫ್ರಿಜ್ಜು ತಣ್ಣಗಿದೆಯೇ ಎಂದು ನೋಡುವವರು ಯಾರು? ಇನ್ಸುಲಿನ್ನಿಗೆ ಬೇಕಾದದ್ದು 2ರಿಂದ 8 ಡಿಗ್ರಿ. ಹೆಪ್ಪುಗಟ್ಟಿದರೂ ಕೆಟ್ಟಿತು, ಆದ್ದರಿಂದ ಐಸಿನ ಖಾನೆಯಲ್ಲೂ ಇಡಬಾರದು.

ಅಂಗಡಿಯವರನ್ನೇ ದೂರುವಂತೆಯೂ ಇಲ್ಲ. ಬೇಸಿಗೆಯಲ್ಲಿ ಕರೆಂಟು ಹೋಗಿ ಗಂಟೆಗಟ್ಟಲೆ ಬಾರದ ದಿನಗಳನ್ನು ನಾನೇ ಕಂಡಿದ್ದೇನೆ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ತು ಹುಟ್ಟಿತು; ಹುಟ್ಟಿದ್ದೇ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ದೀಪ ಹಚ್ಚಿತು. ಪಕ್ಕದ ನಮಗೆ ಅದು ಮೊದಲು ಬರಲಿಲ್ಲ ಎಂಬ ಹಳೆಯ ಮುನಿಸು ಇದ್ದೇ ಇದೆ. ಆದರೆ ಇದ್ದ ಕರೆಂಟನ್ನು ಬಿಲ್ಲು ಉಳಿಸಲು ಆರಿಸುವುದು ಬೇರೆ ಮಾತು.

ಈಗ ಬಾಯಗಲದ ಫ್ಲಾಸ್ಕಿಗೆ ಐಸು ಹಾಕಿ, ಬಾಟಲಿ ಐಸಿಗೆ ತಾಗದಂತೆ ಬಟ್ಟೆ ಸುತ್ತಿ ತರುತ್ತೇನೆ. ಕೊಳ್ಳುವ ಮುಂಚೆ ಅಂಗೈಯಲ್ಲಿ ಹಿಡಿದು ನೋಡುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ, ಇರಲಿ. ಮನೆಯಲ್ಲಿ ಕರೆಂಟು ಹೋದರೆ ಅವ್ವನದೇ ಉಪಾಯ: ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಕುಡಿಕೆ, ಮೇಲೆ ಒದ್ದೆ ಬಟ್ಟೆ. ಫ್ರಿಜ್ಜಿನಷ್ಟು ತಣ್ಣಗಾಗದು, ಆದರೂ ಹೊರಗಿನ ಸೆಕೆ ತಟ್ಟುವುದಿಲ್ಲ.

ಮರುವರ್ಷದ ಯುಗಾದಿಗೆ ಅವ್ವನ ಎಲೆಗೆ ನಾನೇ ಅರ್ಧ ಒಬ್ಬಟ್ಟು ಬಡಿಸಿದೆ. ಅವಳು ನನ್ನ ಮುಖ ನೋಡಿ, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಮಿಕ್ಕದ್ದನ್ನು ಪಕ್ಕದಲ್ಲಿದ್ದ ಮೊಮ್ಮಗನ ಎಲೆಗೆ ಇಟ್ಟಳು.