ಬೇಲಿಯೇ ಹೊಲ ಮೇಯ್ದಾಗ

ಮಳೆಗಾಲದ ಬೆನ್ನಿಗೇ ಡೆಂಗ್ಯೂ ಜ್ವರ ಊರಿಗೆ ಕಾಲಿಟ್ಟಿತೆಂದರೆ, ರೋಗಿಯ ಕ್ಷೇಮವನ್ನು ವಿಚಾರಿಸಲು ಬಂದವರೆಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟಿದೆಯಂತೆ?" ಲೆಕ್ಕ ಇಳಿದರೆ ಮನೆಯವರಿಗೆ ದಿಗಿಲು, ಏರಿದರೆ ಸಮಾಧಾನ. ಇದರಿಂದಾಗಿ, ನೆತ್ತರಿನ ಈ ಕಣಗಳು ಕಡಮೆಯಾದರೆ ರಕ್ತ ಸೋರುತ್ತದೆ, ಹೆಚ್ಚಿದಷ್ಟೂ ಒಳ್ಳೆಯದು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಡೆಂಗ್ಯೂ ಏನಿದ್ದರೂ ಕೆಲವು ದಿನಗಳ ಮಾತು. ವರ್ಷಗಟ್ಟಲೆ, ಎಷ್ಟೋ ವೇಳೆ ಬಾಳುದ್ದಕ್ಕೂ, ಈ ಕಣಗಳ ಲೆಕ್ಕ ತಪ್ಪಿಯೇ ಇರುವ ರೋಗಿಗಳುಂಟು. ಅವರಿಗೆ ರಕ್ತಸ್ರಾವದ ಭಯವೊಂದೇ ಅಲ್ಲ, ಪಾರ್ಶ್ವವಾಯುವಿನ ಭಯವೂ ಇದೆ. ಈ ಎರಡನೆಯ ಭಯವನ್ನು ವೈದ್ಯಲೋಕ ಅರಿತುಕೊಂಡದ್ದು ಬಹಳ ತಡವಾಗಿ. ಅದು ಹೇಗೆಂಬುದನ್ನು ನೋಡೋಣ.

ಮೊದಲು ರೋಗದ ಹೆಸರನ್ನೇ ವಿಚಾರಿಸಬಹುದು. ಚರಕಸಂಹಿತೆ ಇದನ್ನು 'ಪಕ್ಷವಧ'ವೆಂದು ಕರೆಯಿತು, ಸುಶ್ರುತಸಂಹಿತೆ 'ಪಕ್ಷಾಘಾತ'ವೆಂದಿತು. ಪಕ್ಷವೆಂದರೆ ಮೈಯ ಒಂದು ಪಕ್ಕ. ನಮ್ಮ ಆಡುಮಾತಿನ 'ಲಕ್ವ' ಅರಬ್ಬೀ ಮೂಲದ್ದು. ಮುಖ ಸೊಟ್ಟಗಾಗುವ ರೋಗವೆಂದು ಅಲ್ಲಿ ಅದರ ಅರ್ಥ. ಗ್ರೀಕರ 'ಅಪೊಪ್ಲೆಕ್ಸಿಯ' ಎಂಬ ಮಾತಿಗೆ ಹೊಡೆದು ಕೆಡಹುವುದು ಎಂಬ ಭಾವ. ಇಂಗ್ಲಿಷಿನ 'ಸ್ಟ್ರೋಕ್' ಎಂದರೂ ಏಟೇ. ಈ ಹೆಸರುಗಳೆಲ್ಲ ಬಿದ್ದ ಏಟನ್ನು ಹೇಳುತ್ತವೆಯೇ ಹೊರತು ಹೊಡೆದವರು ಯಾರೆಂಬುದನ್ನು ಹೇಳುವುದಿಲ್ಲ.

ಹೊಡೆದವರನ್ನು ಹುಡುಕಿದವರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್ ಮುಖ್ಯನು. ಈ ರೋಗದಿಂದ ಸತ್ತವರ ತಲೆಯನ್ನು ತೆರೆದು ನೋಡಿ, ಒಳಗೆ ರಕ್ತ ಚೆಲ್ಲಿದ್ದನ್ನು ೧೬೫೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಮಿದುಳಿಗೆ ರಕ್ತ ಹೋಗುವ ದಾರಿ ಕಟ್ಟಿಕೊಂಡರೂ ಇದೇ ಆಘಾತ ಆಗಬಹುದೆಂದು ಸೂಚಿಸಿದನು. ಮುಂದೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಗರಣೆ ಕಳಚಿಕೊಂಡು ದೂರದ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳುವ ಬಗೆಯನ್ನು ತೋರಿಸಿಕೊಟ್ಟನು. ಹಾಗಾದರೆ ಏಟು ಎರಡು ತೆರ: ನಾಳ ಒಡೆಯುವುದು ಒಂದು, ನಾಳ ಕಟ್ಟಿಕೊಳ್ಳುವುದು ಇನ್ನೊಂದು.

ಆದರೆ ಗರಣೆಯನ್ನು ಕಟ್ಟುವ ಕೈ ಯಾವುದು? ಅದನ್ನು ಸ್ಪಷ್ಟವಾಗಿ ಕಂಡವನು ಇಟಲಿಯ ಟ್ಯೂರಿನ್ ನಗರದ ಜೂಲಿಯೊ ಬಿಟ್ಸೊಟ್ಸೆರೊ. ೧೮೬೫ರಲ್ಲಿಯೇ ಜರ್ಮನಿಯ ಮಾಕ್ಸ್ ಶುಲ್ಟ್ಸೆ ನೆತ್ತರಿನಲ್ಲಿ ಅತಿ ಸಣ್ಣ ಕಣಗಳಿರುವುದನ್ನು ವರ್ಣಿಸಿದ್ದನು. ೧೮೮೨ರಲ್ಲಿ ಬಿಟ್ಸೊಟ್ಸೆರೊ ಜೀವಂತ ಪ್ರಾಣಿಗಳ ಕಿರುನಾಳಗಳಲ್ಲಿ ಅವು ಹರಿಯುತ್ತಿರುವುದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದನು. ನಾಳದ ಗೋಡೆಗೆ ಗಾಯವಾದರೆ ಮೊದಲು ಓಡಿಬಂದು ಅಂಟಿಕೊಳ್ಳುವವು ಇವೇ ಎಂದು ಕಂಡನು. ಅವಕ್ಕೆ 'ಪಿಯಾಸ್ತ್ರೀನೆ', ಎಂದರೆ ಕಿರುಬಿಲ್ಲೆಗಳು, ಎಂದು ಹೆಸರಿಟ್ಟನು.

ಈ ಕಿರುಬಿಲ್ಲೆಗಳು ಎಲುಬಿನ ಮಜ್ಜೆಯ ದೈತ್ಯ ಜೀವಕೋಶಗಳಿಂದ ಮುರಿದು ಬಂದ ಚೂರುಗಳೆಂಬುದನ್ನು ೧೯೦೬ರಲ್ಲಿ ಅಮೆರಿಕದ ಜೇಮ್ಸ್ ಹೋಮರ್ ರೈಟ್ ತಿಳಿಸಿದನು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇವು ಇರುತ್ತವೆ. ಇವುಗಳ ಆಯುಸ್ಸು ಎಂಟು ಹತ್ತು ದಿನ ಮಾತ್ರ. ಅಷ್ಟರಲ್ಲಿಯೇ ನೆತ್ತರ ಹೊಲವನ್ನು ಬೇಲಿಯಂತೆ ಕಾಯುತ್ತವೆ. ಬೇಲಿ ಸಡಿಲವಾದರೆ ಕೇಡು ಎಂಬುದು ಎಲ್ಲರಿಗೂ ಹೊಳೆಯುವ ಮಾತು. ಬೇಲಿಯೇ ಎದ್ದು ಹೊಲ ಮೇಯ್ದರೆ?

ವೈದ್ಯರ ಕಣ್ಣಿಗೆ ಮೊದಲು ಬಿದ್ದದ್ದು ಸಡಿಲವಾದ ಬೇಲಿಯೇ. ಮೈಮೇಲೆ ಕೆನ್ನೀಲಿ ಕಲೆಗಳೆದ್ದು ರಕ್ತ ಸೋರುವ ರೋಗವನ್ನು ೧೭೩೫ರಲ್ಲಿ ಜರ್ಮನಿಯ ವೆರ್ಲ್‌ಹೋಫ್ ವರ್ಣಿಸಿದ್ದನು. ಅದು ಕಿರುಬಿಲ್ಲೆಗಳ ಕೊರತೆಯೆಂದು ತಿಳಿದದ್ದು ಆಮೇಲೆ. ೧೯೧೬ರಲ್ಲಿ ಪ್ರಾಗ್ ನಗರದಲ್ಲಿ ಪಾಲ್ ಕಜ್ನೆಲ್ಸನ್ ಎಂಬ ವೈದ್ಯವಿದ್ಯಾರ್ಥಿ, ಗುಲ್ಮವೇ ಈ ಕಣಗಳನ್ನು ನಾಶಮಾಡುತ್ತಿರಬೇಕೆಂದು ಊಹಿಸಿ, ಅದನ್ನು ತೆಗೆದುಹಾಕಿಸಲು ತನ್ನ ಗುರುಗಳನ್ನು ಒಪ್ಪಿಸಿದನು. ಶಸ್ತ್ರಚಿಕಿತ್ಸೆಯಾದ ಮೇಲೆ ಆ ಹೆಂಗಸಿನ ಲೆಕ್ಕ ಏರಿತು. ೧೯೫೦ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ತರುಣ ವೈದ್ಯರು ಇಂಥ ರೋಗಿಯೊಬ್ಬರ ರಕ್ತವನ್ನು ತಮ್ಮ ಮೈಗೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಕಿರುಬಿಲ್ಲೆಗಳು ಪಾತಾಳಕ್ಕಿಳಿದುವು, ಮೈಮೇಲೆ ಕಲೆಗಳೆದ್ದುವು. ದೇಹ ತನ್ನ ಕಣಗಳಿಗೆ ತಾನೇ ಶತ್ರುವಾಗುವುದೇ ಈ ರೋಗದ ಮೂಲವೆಂಬುದಕ್ಕೆ ದಾರಿ ತೋರಿದ ಸಾಹಸವಿದು.

ಲೆಕ್ಕ ಮಿತಿಮೀರಿ ಏರುವ ರೋಗವನ್ನು ೧೯೩೪ರಲ್ಲಿ ವಿಯೆನ್ನದ ಎಪ್‌ಸ್ಟೈನ್ ಮತ್ತು ಗೋಡೆಲ್ ವರ್ಣಿಸಿದರು. ಸೋಜಿಗವೆಂದರೆ, ಅವರೂ ಆ ರೋಗದ ಹೆಸರಿನಲ್ಲಿ ರಕ್ತಸ್ರಾವವನ್ನೇ ಸೇರಿಸಿದರು. ೧೯೫೧ರಲ್ಲಿ ವಿಲಿಯಂ ಡಾಮೆಷೆಕ್ ಇದನ್ನು ಮಜ್ಜೆ ಅಂಕೆ ಮೀರಿ ಬೆಳೆಯುವ ರೋಗಗಳ ಕುಟುಂಬಕ್ಕೆ ಸೇರಿಸಿದರು. ಈ ರೋಗಿಗಳನ್ನು ಹಲವು ವರ್ಷ ಗಮನಿಸಿದ ಮೇಲೆ, ರಕ್ತ ಸೋರುವುದಕ್ಕಿಂತ ಗರಣೆ ಕಟ್ಟುವುದೇ ಹೆಚ್ಚೆಂದು ತಿಳಿದುಬಂತು. ಕೆಲವರಿಗೆ ಬೆರಳುಗಳಲ್ಲಿ ಉರಿ. ಕೆಲವರಿಗೆ ಕ್ಷಣಕಾಲ ಕಣ್ಣು ಮಂಜಾಗುವುದು, ನಾಲಗೆ ತೊದಲುವುದು. ಪಾರ್ಶ್ವವಾಯುವೇ ರೋಗದ ಮೊದಲ ಸುಳಿವಾಗಿ ಬಂದವರೂ ಉಂಟು.

೧೯೭೧ರಲ್ಲಿ ಜಾನ್ ವೇನ್ ಆಸ್ಪಿರಿನ್ನಿನ ಗುಟ್ಟನ್ನು ಬಿಡಿಸಿದರು. ಅದು ಒಮ್ಮೆ ತಟ್ಟಿದ ಕಿರುಬಿಲ್ಲೆ ಬಾಳಿರುವಷ್ಟು ದಿನವೂ ಅಂಟುವ ಕಸುವನ್ನು ಕಳೆದುಕೊಂಡಿರುತ್ತದೆ. ೧೯೯೫ರಲ್ಲಿ ಇಟಲಿಯ ಬೆರ್ಗಮೊದ ವೈದ್ಯರು, ಅಪಾಯ ಹೆಚ್ಚಿರುವ ೧೧೪ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಮಜ್ಜೆಯನ್ನು ಹತೋಟಿಗೆ ತರುವ ಹೈಡ್ರಾಕ್ಸಿಯೂರಿಯ ಪಡೆದ ೫೬ ಮಂದಿಯಲ್ಲಿ ಇಬ್ಬರಿಗೆ ಗರಣೆ ಕಟ್ಟಿತು. ಪಡೆಯದ ೫೮ ಮಂದಿಯಲ್ಲಿ ೧೪ ಜನರಿಗೆ ಕಟ್ಟಿತು. ೨೦೦೫ರಲ್ಲಿ ಜ್ಯಾಕ್-೨ ಎಂಬ ವಂಶವಾಹಿಯ ದೋಷ ಈ ರೋಗಿಗಳಲ್ಲಿ ಹಲವರಿಗೆ ಇರುವುದು ಗೊತ್ತಾಯಿತು.

ಇಷ್ಟೆಲ್ಲ ಆದ ಮೇಲೆ ತಿಳಿದ ಪಾಠವೇನು? ಲೆಕ್ಕವೊಂದನ್ನೇ ನೋಡಿ ಅಪಾಯವನ್ನು ಅಳೆಯಲಾಗದು. ಅರುವತ್ತು ದಾಟಿದ ವಯಸ್ಸು, ಹಿಂದೊಮ್ಮೆ ಗರಣೆ ಕಟ್ಟಿದ್ದು, ಆ ವಂಶವಾಹಿಯ ದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಇವು ಹೆಚ್ಚಿನ ಸೂಚನೆ ಕೊಡುತ್ತವೆ. ಲೆಕ್ಕ ಹತ್ತು ಲಕ್ಷ ಮೀರಿದರೆ, ವಿಚಿತ್ರವೆಂಬಂತೆ, ಕೆಲವರಲ್ಲಿ ರಕ್ತ ಸೋರುವ ಭಯವೇ ಹೆಚ್ಚುತ್ತದೆ. ಇತ್ತ ಲೆಕ್ಕ ಕಡಮೆಯಿರುವವರೂ ಗರಣೆಯಿಂದ ಪಾರಾದವರಲ್ಲ. ಗುಲ್ಮ ತೆಗೆಸಿಕೊಂಡವರಲ್ಲಿ, ಕಿರುಬಿಲ್ಲೆಗಳನ್ನು ಹೆಚ್ಚಿಸುವ ಹೊಸ ಔಷಧಗಳನ್ನು ಸೇವಿಸುವವರಲ್ಲಿ ಆ ಎಚ್ಚರ ಬೇಕೇ ಬೇಕು.

ವೆಪ್ಫರನು ಸತ್ತವರ ತಲೆಯನ್ನು ತೆರೆದು ನೋಡಬೇಕಾಯಿತು. ೧೯೭೧ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ಬದುಕಿರುವವರ ತಲೆಯೊಳಗನ್ನೇ ತೋರಿಸಿತು. ನಾಳ ಒಡೆದಿದೆಯೋ ಕಟ್ಟಿದೆಯೋ ಎಂಬುದನ್ನು ಅದು ಹೇಳಬಲ್ಲುದು; ಮನೆಯಲ್ಲಿ ಕುಳಿತ ನಾವು ಹೇಳಲಾರೆವು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾದೀತು. ಆದ್ದರಿಂದ ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದಾಗ ಆಸ್ಪಿರಿನ್ ನುಂಗಿಸಿ ಕಾಯುತ್ತ ಕೂರಬಾರದು. ಕ್ಷಣದಲ್ಲಿ ಸರಿಹೋದರೂ ಉಪೇಕ್ಷಿಸಬಾರದು. ಗಡಿಯಾರ ನೋಡಿಕೊಂಡು ಒಡನೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಗರಣೆ ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಲೆಕ್ಕ ಒಂದು ಲಕ್ಷಕ್ಕಿಂತ ಕೆಳಗಿದ್ದರೆ ಆ ಮದ್ದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಹೀಗಾಗಿ, "ಇವರಿಗೆ ಪ್ಲೇಟ್‌ಲೆಟ್ ಕಾಯಿಲೆ ಇದೆ, ಇಂಥಿಂಥ ಔಷಧ ತೆಗೆದುಕೊಳ್ಳುತ್ತಾರೆ" ಎಂದು ಬಾಗಿಲಲ್ಲಿಯೇ ಹೇಳಬೇಕು. ಹಳೆಯ ಚೀಟಿಗಳನ್ನು ಕೈಗೆ ಸಿಗುವಂತೆ ಒಂದೆಡೆ ಇಟ್ಟುಕೊಂಡಿದ್ದರೆ ಇನ್ನೂ ಲೇಸು. ಮುನ್ನೂರು ವರ್ಷಗಳಿಗೂ ಮೀರಿ ಹುಡುಕಿ ಪಡೆದ ತಿಳಿವು ಆ ಹೊತ್ತಿನಲ್ಲಿ ಮನೆಯವರ ಒಂದು ಮಾತನ್ನು ಕಾಯುತ್ತಿರುತ್ತದೆ.